ಆಯಿ ಮೂರು

ಕೇಶರಬಾಯಿ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಬೀದರಿನ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಸಾಮಾನು ತೊಳೆದರು. ಆಸಿಡ್ ತಾಗಿ ಬೆರಳಿನ ಚರ್ಮ ಬಿಳಿಚಿ ಸುಲಿದರೂ ಕೈಗವಸು ಕೇಳಲಿಲ್ಲ. ನಾನು ಅವರನ್ನು ಕಂಡ ಎರಡು ವರ್ಷಗಳಲ್ಲಿ ಅವರು ನನ್ನಲ್ಲಿ ಬೇಡಿಕೊಂಡದ್ದು ಒಂದೇ. ಪ್ರಯೋಗಾಲಯದ ಫ್ರಿಜ್ಜಿನ ಎರಡನೆಯ ಅಂತಸ್ತಿನ ಮೂಲೆಯಲ್ಲಿ ಹೆಬ್ಬೆರಳುದ್ದದ ಒಂದು ಗಾಜಿನ ಶೀಶೆ ಇತ್ತು. ಅದನ್ನು ಚೆಲ್ಲಬಾರದು, ಅದರೊಳಗಿನ ಬಿಳುಪು ತಿಳಿಯಾಗಬಾರದು.

ನನ್ನ ಹೆಸರು ಬಸವೇಶ್ವರಿ. ಔರಾದ ತಾಲ್ಲೂಕಿನ ಎಕಂಬಾದವಳು, ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ನಾನು ಬೀದರಿನಲ್ಲಿ ಏನು ಓದುತ್ತೇನೆಂದು ಯಾರಾದರೂ ಕೇಳಿದರೆ ಅಪ್ಪ ‘ಗುಳಗಿ ಮಾಡೋದು’ ಎನ್ನುತ್ತಾರೆ. ಅದು ತಪ್ಪೇನೂ ಅಲ್ಲ. ಎಂ.ಫಾರ್ಮದ ಎರಡನೆಯ ವರ್ಷ ನನಗೆ ಬಂದದ್ದು ಕಣ್ಣಿಗೆ ಕಾಣದ ಗುಳಿಗೆ ಮಾಡುವ ಕೆಲಸ.

ಆಪರೇಶನ್ ಆದಮೇಲೆ ಹೊಲಿಗೆ ಹಾಕುವ ದಾರದಲ್ಲಿ ತಾನಾಗಿಯೇ ಕರಗುವ ಒಂದು ಬಗೆ ಇರುತ್ತದಲ್ಲ, ಅದೇ ಪಾಲಿಮರ್. ಅದನ್ನು ಅಸಿಟೋನಿನಲ್ಲಿ ಕರಗಿಸಿ, ಗಿರಗಿರನೆ ತಿರುಗುವ ನೀರಿಗೆ ಹನಿಹನಿಯಾಗಿ ಬಿಡಬೇಕು. ಹನಿ ನೀರಿಗೆ ಬಿದ್ದ ಕ್ಷಣ ಪಾಲಿಮರ್ ಸಣ್ಣ ಕಣಗಳಾಗುತ್ತದೆ. ಒಂದು ಕೂದಲಿನ ಅಗಲಕ್ಕೆ ಐನೂರು ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣವು. ನೀರಿನಲ್ಲಿ ಮೊದಲೇ ಸೀಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಬೆರೆಸಿರುತ್ತೇವೆ. ಅದು ಕಣದ ಮೈಗೆ ಮೆತ್ತಿಕೊಂಡು ಧನ ವಿದ್ಯುದಂಶ ಕೊಡುತ್ತದೆ. ಎಲ್ಲ ಕಣಗಳಿಗೂ ಒಂದೇ ಅಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ, ತಳಕ್ಕೆ ಇಳಿಯದೆ ತೇಲುತ್ತಿರುತ್ತವೆ. ನೀರು ತೆಳ್ಳನೆಯ ಹಾಲಿನಂತೆ ಕಾಣುತ್ತದೆ. ಶ್ವಾಸಕೋಶದ ಲೋಳೆಗೆ ಋಣ ಅಂಶ. ಉಸಿರಿನಲ್ಲಿ ಒಳಗೆ ಹೋದ ಕಣ ಅಲ್ಲಿ ಅಂಟಿ ಕೂತು, ತನ್ನ ಹೊಟ್ಟೆಯೊಳಗಿನ ಔಷಧಿಯನ್ನು ದಿನಗಟ್ಟಲೆ ಬಿಡುತ್ತ, ಕಡೆಗೆ ತಾನೂ ಕರಗಿ ಹೋಗಬೇಕು. ಟಿಬಿ ರೋಗಿಗೆ ದಿನಾ ನುಂಗುವ ಗುಳಿಗೆ ತಪ್ಪಬೇಕು. ಇದು ನಮ್ಮ ಗುರಿ.

ಈ ಕೆಲಸವನ್ನು ನನಗಿಂತ ಮೊದಲು ಶುರು ಮಾಡಿದವಳು ಮನಿಷಾ. ಕೇಶರಬಾಯಿಯ ಒಬ್ಬಳೇ ಮಗಳು.

ಕೇಶರಬಾಯಿ ಹುಟ್ಟಿದ್ದು ನಮ್ಮದೇ ತಾಲ್ಲೂಕಿನ ಚಿಂತಾಕಿಯಲ್ಲಿ. ಹದಿನಾರಕ್ಕೆ ಭಾಲ್ಕಿ ಕಡೆಯ ಮೆಹಕರಕ್ಕೆ ಸೊಸೆಯಾಗಿ ಹೋದರು. ಗಂಡ ಮಚ್ಛೇಂದ್ರ ಕೆಂಪುಕಲ್ಲು ಕಡಿಯುವವರು. ಅವರಿಗೆ ಟಿಬಿ ಬಂತು. ಆರು ತಿಂಗಳು ನುಂಗಬೇಕಾದ ಗುಳಿಗೆಯನ್ನು ಮೂರನೆಯ ತಿಂಗಳು ‘ಆರಾಮ ಆದೆ’ ಎಂದು ಬಿಟ್ಟು ಕಲ್ಲಿಗೆ ಹೋದರು. ರೋಗ ಎರಡನೆಯ ಸಲ ಬಂದಾಗ ಗುಳಿಗೆ ಹಿಡಿಯಲಿಲ್ಲ, ತೀರಿಕೊಂಡರು. ಆಗ ಮನಿಷಾಗೆ ನಾಲ್ಕು ವರ್ಷ. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದರಿಗೆ ಬಂದ ಕೇಶರಬಾಯಿ ಈ ಕಾಲೇಜಿನ ತೊಟ್ಟಿಯ ಮುಂದೆ ನಿಂತವರು ಅಲ್ಲೇ ನಿಂತರು. ಮಗಳು ತೊಟ್ಟಿಯ ಪಕ್ಕ ಕೂತು ಅಕ್ಷರ ಕಲಿತಳು, ಕಲಿಯುತ್ತ ಕಲಿಯುತ್ತ ಅದೇ ಕಾಲೇಜಿನ ಪ್ರಯೋಗಾಲಯದೊಳಗೆ ಬಿಳಿ ಏಪ್ರನ್ ತೊಟ್ಟು ಬಂದಳು. ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲಿನಲ್ಲಿ ಎಲ್ಲೆಡೆ ಜ್ವರ ಹಬ್ಬಿದಾಗ ಒಂಬತ್ತು ದಿನ ಮಲಗಿ ತೀರಿಕೊಂಡಳು.

ಇಷ್ಟು ನನಗೆ ಗೊತ್ತಿತ್ತು. ಶೀಶೆಯ ವಿಷಯ ಗೊತ್ತಿರಲಿಲ್ಲ.

ಮೊದಲ ದಿನ ನನ್ನ ಸಾಮಾನು ಇಡಲು ಫ್ರಿಜ್ಜು ತೆರೆದು, ಮೂಲೆಯ ಶೀಶೆಯನ್ನು ಕೈಗೆ ತೆಗೆದುಕೊಂಡೆ. ಚೀಟಿಯ ಮೇಲೆ ಸಣ್ಣ, ದುಂಡು ಅಕ್ಷರ: ‘ಮನಿಷಾ ಎಂ. ಖಾಲಿ. ೧೧-೩-೨೦೨೧.’ ಔಷಧಿ ತುಂಬದ ಕಣವನ್ನು ನಾವು ಖಾಲಿ ಎನ್ನುತ್ತೇವೆ, ಹೋಲಿಸಿ ನೋಡಲು ಮಾಡಿಡುವುದು. ಚೀಟಿ ಮುಟ್ಟಿದರೆ ನುಣ್ಣಗಿತ್ತು. ಮೇಣ ಸವರಿದ ಹಾಗೆ.

ಹಿಂದಿನಿಂದ ಒದ್ದೆ ಕೈಯೊಂದು ಬಂದು ಶೀಶೆಯನ್ನು ಮೆಲ್ಲಗೆ ಬಿಡಿಸಿಕೊಂಡಿತು.

“ಅದೊಂದು ಚೆಲ್ಲಬ್ಯಾಡ್ರಿ ಮೇಡಂ” ಎಂದರು ಕೇಶರಬಾಯಿ. “ಬಾಕಿದ್ದು ಏನರ ಮಾಡ್ರಿ. ಅದು ನಮ್ಮಕೀದು. ಬೆಳ್ಳಗ ಅದ ನೋಡ್ರಿ ಇನ್ನಾ.”

ನಾನು ತಲೆಯಾಡಿಸಿದೆ. ಅದು ಇನ್ನೂ ಬೆಳ್ಳಗಿರುವುದು ಹೇಗೆ ಎಂಬ ಪ್ರಶ್ನೆ ಆ ಹೊತ್ತಿಗೆ ಹೊಳೆಯಲಿಲ್ಲ.

ಹೊಳೆದದ್ದು ತಿಂಗಳ ನಂತರ, ನನ್ನ ಕಣಗಳು ಒಂದಾದ ಮೇಲೊಂದು ಕೆಟ್ಟಾಗ. ಮನಿಷಾಳ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆಯೇ ಮಾಡುತ್ತಿದ್ದೆ. ಅದೇ ತೂಕ, ಅದೇ ನೀರು, ಅದೇ ವೇಗ. ಆದರೂ ಸಂಜೆಯ ಹೊತ್ತಿಗೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ತಳ ಹಿಡಿಯುತ್ತಿದ್ದವು.

“ಸರ್, ಇದೂ ಒಡೀತು” ಎಂದೆ ನನ್ನ ಮಾರ್ಗದರ್ಶಕರಾದ ನಂದಕುಮಾರ ಸರ್‌ಗೆ.

“ಹಾಲೇನವಾ ಅದು, ಒಡಿಲಾಕ?” ಅವರು ಭಾಲ್ಕಿಯವರು, ಬೈಯುವುದನ್ನೂ ತಮಾಷೆಯಲ್ಲೇ ಬೈಯುತ್ತಾರೆ. “ಎಕಂಬಾದಾಗ ಎಮ್ಮಿ ಹಿಂಡಿದ ಕೈಯಿಲೆ ಮಾಡ್ಲತ್ತೀ ಅಂತ ಕಾಣಸ್ತದ. ಹನಿ ಬಿಡೋ ಅಂತರ ಬರಾಬರ್ ಇಟ್ಟೀಯೇನು? ಆ ಹುಡುಗಿ ಬರದಾಳ ನೋಡು.”

ಬರೆದಿದ್ದಳು. ಹನಿಯ ವೇಗದ ಕಾಲಮ್ಮಿನಲ್ಲಿ ಇಂಗ್ಲಿಷಿನ ಎ, ಎ, ಐ ಎಂಬ ಮೂರು ಅಕ್ಷರ, ಮುಂದೆ ಮೂರು ಎಂಬ ಅಂಕಿ. ಎಲ್ಲ ಪುಟದಲ್ಲೂ ಅದೇ. ಸರ್ ಅದನ್ನು ಬಿಡಿಸಿ ಹೇಳಿದ್ದರು: ಮೊದಲ ಎ ಎಂದರೆ ಅಕ್ವಿಯಸ್, ಎರಡನೆಯದು ಅಡಿಶನ್, ಐ ಎಂದರೆ ಇಂಟರ್ವಲ್. ಮೂರು ಎಂದರೆ ಮೂರು ಸೆಕೆಂಡು. ನಾನು ಅದನ್ನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಮೂರು ಸೆಕೆಂಡಿಗೊಂದು ಹನಿ, ಗಡಿಯಾರ ನೋಡುತ್ತ. ಪ್ರತಿ ಸಲವೂ ಒಡೆಯುತ್ತಿತ್ತು.

ಅಂಥ ಒಂದು ಸಂಜೆ ಸೋತು ಫ್ರಿಜ್ಜು ತೆರೆದಾಗ ಮೂಲೆಯ ಶೀಶೆ ಕಣ್ಣಿಗೆ ಬಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಗಂಟೂ ಇಲ್ಲ. ಅಂಚಿನಲ್ಲಿ ತೆಳ್ಳನೆಯ ನೀಲಿ ಹೊಳಪು. ಹೊಸದಾಗಿ ಮಾಡಿದ, ಸಮನಾದ ಕಣಗಳಿಗೆ ಮಾತ್ರ ಬರುವ ಹೊಳಪು ಅದು.

ಈ ಪಾಲಿಮರ್ ಕರಗಲೆಂದೇ ಹುಟ್ಟಿದ್ದು. ತಂಪಿನಲ್ಲಿಟ್ಟರೂ ಕೆಲವು ತಿಂಗಳು ಬಾಳುತ್ತದೆ, ಹೊರಗಿಟ್ಟರೆ ಕೆಲವು ವಾರ. ಮಾಡಿದವಳು ಮಣ್ಣಾಗಿ ಮೂರು ವರ್ಷವಾಗುತ್ತ ಬಂದಿತ್ತು. ಅವಳು ಮಾಡಿದ್ದು ನಿನ್ನೆ ಮಾಡಿದಂತೆ ತೇಲುತ್ತಿತ್ತು.

ನಾನು ನಂಬುವುದಕ್ಕಿಂತ ಅಳೆದು ನೋಡುವುದನ್ನು ಕಲಿತವಳು. ಶೀಶೆಯ ತಳಕ್ಕೆ, ಯಾರಿಗೂ ಕಾಣದಂತೆ, ಗಾಜಿನ ಮೇಲೆ ಬರೆಯುವ ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಒಳಗಿನಿಂದ ನಾಲ್ಕು ಹನಿ ತೆಗೆದು, ನನ್ನ ಮಾದರಿಗಳ ಜತೆ ಹೈದರಾಬಾದಿಗೆ ಕಳಿಸಿದೆ. ಕಣದ ವಿದ್ಯುದಂಶ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುತ್ತೇವೆ.

ವಾರದ ಮೇಲೆ ವರದಿ ಬಂತು. ನನ್ನ ಮಾದರಿಗಳೆಲ್ಲ ಕೆಟ್ಟಿದ್ದವು. ಚೀಟಿಯ ಮೇಲೆ ನಾನು ‘ಹಳೆಯದು’ ಎಂದಷ್ಟೇ ಬರೆದಿದ್ದ ಮಾದರಿಗೆ ಧನ ಮೂವತ್ತೆಂಟು ಮಿಲಿವೋಲ್ಟ್, ಎಲ್ಲ ಕಣಗಳೂ ಒಂದೇ ಅಳತೆ. ಅಲ್ಲಿಯ ತಂತ್ರಜ್ಞೆ ಕೆಳಗೆ ಬರೆದಿದ್ದಳು: ಇದು ಚೆನ್ನಾಗಿದೆ, ಈ ವಾರ ಮಾಡಿದ್ದೆ?

ಆ ಮೇಲೆ ನಾನು ದಿನಾ ಶೀಶೆಯನ್ನು ನೋಡತೊಡಗಿದೆ. ತಳದಲ್ಲಿ ನನ್ನ ಚುಕ್ಕೆ ಇತ್ತು, ಅಂದರೆ ಶೀಶೆ ಅದೇ. ಚೀಟಿ ಅದೇ. ಆದರೆ ಒಂದು ಸೋಮವಾರ ಬೆಳಿಗ್ಗೆ, ನಾನು ನಾಲ್ಕು ಹನಿ ತೆಗೆದಿದ್ದರಿಂದ ತಗ್ಗಿದ್ದ ಹಾಲು ಮತ್ತೆ ಕತ್ತಿನವರೆಗೆ ತುಂಬಿತ್ತು.

ಕೆಳಗೆ ಗೇಟಿನಲ್ಲಿ ಕೂರುವ ಖಾಜಾ ಮಿಯಾನನ್ನು ಕೇಳಿದೆ, ಇತವಾರ, ಅಂದರೆ ಭಾನುವಾರ, ಯಾರಾದರೂ ಮೇಲೆ ಹೋಗುತ್ತಾರೆಯೇ ಎಂದು. ಆತ ಬಹಳ ಹೊತ್ತು ತನ್ನ ಬೂಟಿನ ತುದಿ ನೋಡಿದ.

“ಕೇಶರಬಾಯಿ ಹೋಗ್ತಾಳ ಬೇಟಿ. ತಿಂಗಳಿಗೊಮ್ಮೆ, ಹುಣ್ಣಿಮಿ ಆದ ಮ್ಯಾಲಿನ ಇತವಾರ. ತೊಳೆಯೋದು ಉಳದದ ಅಂತಾಳ. ನಾ ಕೀಲಿ ಕೊಡ್ತೀನಿ.”

“ಅಷ್ಟೇ ಏನ್ರಿ ಚಾಚಾ?”

“ಅಷ್ಟೇ ಇದ್ರ ನಾ ಯಾಕ ಬೂಟು ನೋಡ್ಲಿ?” ಆತ ನಗಲು ನೋಡಿದ, ಆಗಲಿಲ್ಲ. “ಜಿನಾದ ಮೆಟ್ಲ ಕೆಳಗ ನಿಂತು ಕೇಳೀನಿ. ಎರಡು ದನಿ ಬರ್ತಾವ. ಹಾಡೋದು ಕೇಶರಬಾಯಿ, ಅದು ನಂಗ ಗೊತ್ತದ. ಖರೇ ಎಣಸೋದು ಯಾರು? ಮನಿಷಾ ಬೇಟಿ ಹಿಂಗೇ ಎಣಸ್ತಿದ್ದಳು. ಮ್ಯಾಲ ಹತ್ತಿ ನೋಡಲಾಕ ನಂಗ ಕಾಲು ಬರಲಿಲ್ಲ.”

ಆ ವಾರ ಕೇಶರಬಾಯಿ ತೊಟ್ಟಿಯ ಬಳಿ ನನ್ನ ಕೆಟ್ಟ ಬೀಕರು ತೊಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಅವರು ನನಗೆ ಮಾವಶಿ ಆಗಿದ್ದರು. ನಮ್ಮ ಕಡೆ ಅವ್ವನ ತಂಗಿಯನ್ನು ಹಾಗೆ ಕರೆಯುತ್ತಾರೆ. ಅವರು ತಳದ ಗಂಟನ್ನು ಬೆರಳಿನಿಂದ ಕೆರೆದು ಹೇಳಿದರು:

“ಇವು ಯಾಕ ಒಂದಕ್ಕೊಂದು ಅಂಟ್ಕೋತಾವ ಬಸವೇಶಿ?”

“ಮ್ಯಾಲಿನ ಚಾರ್ಜು ಬರಾಬರ್ ಕೂತಿಲ್ರಿ ಮಾವಶಿ. ಕೂತ್ರ ಮುಟ್ಟಂಗಿಲ್ಲ. ಎಲ್ಲಾ ಒಂದೇ ಜಾತಿಯವು, ಅದಕ್ಕ ಒಂದನ್ನೊಂದು ದೂರ ದಬ್ಬತಾವ.”

ಕೇಶರಬಾಯಿ ನಲ್ಲಿ ನಿಲ್ಲಿಸಿದರು. “ಒಂದೇ ಜಾತಿಯವು ಮುಟ್ಟಂಗಿಲ್ಲೇನು? ನಮ್ಮ ಊರಾಗ ಬ್ಯಾರೆ ಜಾತಿಯವ್ರು ಮುಟ್ಟಲ್ಲ. ಇದು ಉಲ್ಟಾ ಅದಲ್ಲ.”

ನಾನು ಲಿಂಗಾಯತರವಳು, ಅವರು ಬೌದ್ಧರಾದ ದಲಿತರು. ನಮ್ಮೂರಲ್ಲಿ ನನ್ನ ಅಜ್ಜಿ ಯಾರ ಕೈಯ ನೀರು ಕುಡಿಯುತ್ತಿರಲಿಲ್ಲವೆಂಬುದು ನೆನಪಾಗಿ ಮುಖ ಬಿಸಿಯಾಯಿತು. ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕು ಮತ್ತೆ ನಲ್ಲಿ ತಿರುಗಿಸಿದರು. ಇತವಾರದ ಮಾತು ನನ್ನ ಬಾಯಲ್ಲೇ ಉಳಿಯಿತು.

ಮಾರ್ಚಿನಲ್ಲಿ ಸರ್ ಒಂದು ಕಾಗದ ಹಿಡಿದು ಬಂದರು. ಮೇ ತಿಂಗಳಲ್ಲಿ ಕಾಲೇಜಿಗೆ ತಪಾಸಣೆ. ಅದಕ್ಕೂ ಮೊದಲು ಫ್ರಿಜ್ಜಿನಲ್ಲಿ ಎರಡು ವರ್ಷಕ್ಕಿಂತ ಹಳೆಯದೇನಿದ್ದರೂ ನಾಶಮಾಡಿ, ಪಟ್ಟಿ ಬರೆದು ಸಹಿ ಹಾಕಬೇಕು. ಆ ಕೆಲಸ ನನ್ನದು. ಅದೇ ಏಪ್ರಿಲ್ ಮೂವತ್ತಕ್ಕೆ ಕೇಶರಬಾಯಿಗೆ ಅರವತ್ತು ತುಂಬಿ ಕೆಲಸ ಮುಗಿಯುವುದಿತ್ತು. ಈ ಎರಡೂ ಸುದ್ದಿಯನ್ನು ಅವರು ತೊಟ್ಟಿಯ ಬಳಿ ನಿಂತೇ ಕೇಳಿಸಿಕೊಂಡರು. ತಮ್ಮ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಸರ್ ಹೋದ ಮೇಲೆ ನನ್ನ ಹತ್ತಿರ ಬಂದು ಕೈ ಹಿಡಿದರು. ನೀರಿನಲ್ಲಿ ನೆಂದ ಆ ಕೈ ತೀರ ತಣ್ಣಗಿತ್ತು.

“ಅದೊಂದು, ಅವ್ವಾ” ಎಂದರು.

ಮುಂದಿನ ಹುಣ್ಣಿಮೆಯ ನಂತರದ ಇತವಾರ ನಾನು ಎಕಂಬಾದಿಂದ ಬೆಳಗಿನ ಬಸ್ಸಿಗೇ ಹೊರಟೆ. ಬೀದರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಬಿಸಿಲಿಗೆ ಕೆಂಪುಕಲ್ಲಿನ ಗೋಡೆಗಳು ಒಲೆಯ ಹಾಗೆ ಕಾಯ್ದು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಖಾಜಾ ಮಿಯಾ ನನ್ನನ್ನು ಕಂಡು ಮೇಲಕ್ಕೆ ಕಣ್ಣು ತೋರಿಸಿದ.

ಮೆಟ್ಟಿಲಿನ ತಿರುವಿನಲ್ಲಿ ಹಾಡು ಕೇಳಿತು. ಬೀಸುವ ಕಲ್ಲಿನ ಹಾಡು. ಮಾತು ಮರಾಠಿ, ಅರ್ಧ ತಿಳಿಯುತ್ತಿತ್ತು: ಜೋಳ ಬೀಸುವ ಹೆಂಗಸು ದೂರ ಹೋದ ಮಗಳಿಗೆ ಬುತ್ತಿ ಕಟ್ಟುವುದು. ಸಾಲು ಮುಗಿದ ಕಡೆ ದನಿ ಎಳೆದು ನಿಲ್ಲುತ್ತಿತ್ತು. ಆ ನಿಲುಗಡೆಯಲ್ಲಿ ಇನ್ನೊಂದು ದನಿ ಬಂತು. ಚುರುಕಾದ, ಎಳೆಯ ದನಿ.

“ಹದಿನೇಳು.”

ಹಾಡು. ನಿಲುಗಡೆ.

“ಹದಿನೆಂಟು. ತಡಿ ಆಯಿ, ಅವಸರ ಮಾಡಬ್ಯಾಡ.”

ನಾನು ಗೋಡೆ ಹಿಡಿದು ನಿಂತೆ. ಖಾಜಾ ಮಿಯಾ ಯಾಕೆ ಹತ್ತಲಿಲ್ಲವೆಂದು ಆಗ ಅರ್ಥವಾಯಿತು. ಆದರೂ ಹತ್ತಿದೆ, ಬಾಗಿಲಿನ ಗಾಜಿನಿಂದ ಒಳಗೆ ನೋಡಿದೆ.

ಕೇಶರಬಾಯಿ ನನಗೆ ಬೆನ್ನು ಮಾಡಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಬೀಕರಿನಲ್ಲಿ ನೀರು ತಿರುಗುತ್ತಿತ್ತು. ಬಲಗೈಯಲ್ಲಿ ಸಿರಿಂಜು. ಪಕ್ಕದ ಸ್ಟೂಲಿನ ಮೇಲೆ ಮಡಿಚಿದ ಬಿಳಿ ಏಪ್ರನ್ ಇತ್ತು. ಬೇರೆ ಯಾರೂ ಇರಲಿಲ್ಲ. ಹಾಡಿನ ಸಾಲು ಮುಗಿಯಿತು, ಸಿರಿಂಜಿನ ತುದಿಯಿಂದ ಒಂದು ಹನಿ ಬಿತ್ತು. ಕೇಶರಬಾಯಿ ಏಪ್ರನ್ನಿನ ಕಡೆ ತಲೆ ಹೊರಳಿಸಿದರು. ಎಳೆಯ ದನಿ “ಹತ್ತೊಂಬತ್ತು” ಎಂದಿತು, ಅದು ಅವರದೇ ತುಟಿಯಿಂದ ಬಂತು.

ನಾನು ಕದ ತಳ್ಳಿದೆ. ಅವರು ತಿರುಗಲಿಲ್ಲ. “ಹಾಡು ಮುಗೀಲಿ” ಎಂದರು ತಮ್ಮ ದನಿಯಲ್ಲಿ. “ನಡುವ ಬಿಟ್ರ ಒಡೀತದ.”

ಒಂದು ಹಾಡು ಮುಗಿದ ಮೇಲೆ ಅವರು ಸಿರಿಂಜು ಇಟ್ಟು, ಚಹಾ ಆರುವಷ್ಟು ಹೊತ್ತು ಸುಮ್ಮನೆ ಕೂತರು. ಬೀಕರಿನಿಂದ ಅಸಿಟೋನಿನ ವಾಸನೆ ಏಳುತ್ತಿತ್ತು. ಆಮೇಲೆ ಎರಡನೆಯ ಹಾಡು. ಮತ್ತೆ ಸುಮ್ಮನೆ. ಮೂರನೆಯ ಹಾಡು. ನಾನು ಬಾಗಿಲ ಬಳಿಯೇ ನಿಂತು ನೋಡುತ್ತಿದ್ದೆ. ನೀರು ಮೊದಲು ಮಂಜಾಯಿತು, ಆಮೇಲೆ ಹಾಲಾಯಿತು, ಕಡೆಗೆ ಅಂಚಿನಲ್ಲಿ ಆ ನೀಲಿ ಬಂತು.

“ಆಯಿ ಮೂರು” ಎಂದೆ. ನನ್ನ ಬಾಯಿಂದ ತಾನಾಗಿ ಬಂದಿತ್ತು.

ಎ, ಎ, ಐ. ಗಡಿಯ ಊರುಗಳಲ್ಲಿ ಅವ್ವನಿಗೆ ಆಯಿ ಎನ್ನುತ್ತಾರೆ. ಮನಿಷಾ ತನ್ನ ಅವ್ವನನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಆಯಿ, ಮೂರು ಹಾಡು.

“ಆಕಿ ಕೈ ನಡುಗ್ತಿತ್ತು” ಎಂದರು ಕೇಶರಬಾಯಿ, ಶೀಶೆಗೆ ಹಾಲು ತುಂಬುತ್ತ. “ಅವಸರದ ಹುಡುಗಿ. ‘ಆಯಿ, ನೀ ಬಿಡು, ನಾ ಎಣಸ್ತೇನಿ’ ಅಂತಿದ್ದಳು. ಜ್ವಾಳಾ ಬೀಸೋ ಕೈ ನೋಡು, ತಪ್ಪಂಗಿಲ್ಲ.”

“ಈಗ ಎಣಸೋದು ಯಾರ್ರಿ ಮಾವಶಿ?”

“ಆಕಿನೇ.” ಅವರು ನನ್ನನ್ನು ಮೊದಲ ಸಲ ನೇರ ನೋಡಿದರು. “ನನ್ನ ಬಾಯಿಲೆ ಎಣಸ್ತಾಳ. ಎಣಿಕಿ ನಂಗ ಹತ್ತರ ಮ್ಯಾಲ ತಪ್ಪತದ. ಆಕಿಗಿ ತಪ್ಪಂಗಿಲ್ಲ.”

ಅವರು ಸೆರಗಿನ ಗಂಟಿನಿಂದ ಮೋಂಬತ್ತಿಯ ತುಂಡು ತೆಗೆದು ಚೀಟಿಯ ಮೇಲೆ ಸವರಿದರು. ಬುದ್ಧರ ಫೋಟೋದ ಮುಂದೆ ಹಚ್ಚಿ ಉಳಿದ ತುಂಡು. ತೊಳೆದಾಗ ಅಕ್ಷರ ಹೋಗಬಾರದಲ್ಲ.

ಆಮೇಲೆ ಹೇಳಿದರು. ಮಗಳನ್ನು ಮಣ್ಣು ಮಾಡಿ ಹದಿನೈದು ದಿನಕ್ಕೆ ಕಾಲೇಜಿಗೆ ಬಂದಿದ್ದರಂತೆ. ಕಾಲೇಜು ಮುಚ್ಚಿ ಕರೆಂಟು ತೆಗೆದು ವಾರಗಳಾಗಿದ್ದವು. ಫ್ರಿಜ್ಜಿನೊಳಗೆ ಬಿಸಿ ಗಾಳಿ. ಶೀಶೆಯೊಳಗೆ ಬರೀ ನೀರು, ತಿಳಿನೀರು.

“ಆಕಿ ಇದ್ದಾಗ ಹಿಂಗ ತಿಳಿ ಆದ್ರ ಏನಂತಿದ್ದಳು ಗೊತ್ತದೇನು? ‘ಆಯಿ, ಇದು ಸತ್ತು ಹೋತು’ ಅಂತಿದ್ದಳು. ನಾ ಅವತ್ತು ನೋಡ್ದೆ. ಅದೂ ಸತ್ತಿತ್ತು. ಎರಡು ಸಲ ಸಾಯೋದು ನಾ ನೋಡಲಾರೆ ಅವ್ವಾ. ಕರೆಂಟು ಹಾಕಿಸಿ ಅವತ್ತೇ ಮಾಡ್ದೆ. ತಕ್ಕಡಿದಾಗ ಸೊನ್ನಿ, ಚುಕ್ಕಿ, ಸೊನ್ನಿ, ಐದು. ಅಷ್ಟು ನಂಗ ಬರ್ತದ. ಅವತ್ತಿಂದ ಒಂದು ತಿಂಗಳೂ ಸಾಯಗೊಟ್ಟಿಲ್ಲ.”

ನಾವು ಪ್ರಯೋಗಾಲಯದಲ್ಲಿ ದಿನಾ ಆಡುವ ಮಾತು ಅದು. ಬ್ಯಾಚು ಸತ್ತಿತು, ಮಾದರಿ ಸತ್ತಿತು. ಅದನ್ನು ಕೇಳಿಸಿಕೊಂಡು ಒಬ್ಬ ತಾಯಿ ಮೂರು ವರ್ಷ ಈ ಸ್ಟೂಲಿನ ಮೇಲೆ ಕೂತಿದ್ದಳು. ನನಗೆ ಅವರನ್ನು ಸಮಾಧಾನ ಮಾಡಬೇಕೆನಿಸಿತು. ಓದಿದವಳಲ್ಲವೇ, ಓದಿದ್ದನ್ನೇ ಹೇಳಿದೆ.

“ಮಾವಶಿ, ಅದು ಸಾಯೋದು ಅಲ್ರಿ. ಪುಸ್ತಕದಾಗ ಅದಕ್ಕ ಬಿಡುಗಡಿ ಅಂತಾರ. ಕಣ ಕರಗತದ, ಒಳಗಿದ್ದದ್ದು ಹೊರಗ ಬರ್ತದ. ಅದಕ್ಕೇ ಮಾಡೋದು ಇದನ್ನ. ಕರಗಲಿಲ್ಲಂದ್ರ ಒಳಗಿಂದು ಒಳಗೇ ಉಳೀತದ.”

ಅವರ ಕೈ ನಿಂತಿತು. “ಒಳಗೇ ಉಳೀತದ?”

“ಹೌದ್ರಿ.”

“ಎಲ್ಲಾ ಹೊರಗ ಬರ್ತದೇನು? ಜರಾನೂ ಉಳಿಯಂಗಿಲ್ಲ?”

“ಎಲ್ಲಾ ಬರ್ತದ.”

ಅವರು ಚೀಟಿಯ ಮೇಲಿನ ಒಂದು ಪದದ ಮೇಲೆ ಬೆರಳಿಟ್ಟರು. ಅಷ್ಟು ಓದಲು ಅವರಿಗೆ ಬರುತ್ತಿತ್ತು. “ಖಾಲಿ ಅಂತ ಬರದದ ಇಲ್ಲಿ.”

ಆಗ ನಾನು ಆಡಿದ ಮಾತನ್ನು ಇವತ್ತಿಗೂ ಮರೆತಿಲ್ಲ. “ಖಾಲಿ ಅಂತ ನಾವು ಅಂತೇವ್ರಿ. ಮೂರು ವರ್ಷ ನೀವು ಒಳಗ ಏನು ಹಾಕೀರಿ ಅನ್ನೋದು ನಿಮಗೇ ಗೊತ್ತು.”

ಕೇಶರಬಾಯಿ ಶೀಶೆಯನ್ನು ನೋಡಿದರು. ಬೆಳ್ಳನೆಯ ಶೀಶೆಯನ್ನಲ್ಲ, ಅದರ ಆಚೆ ನಿಂತ ಯಾರನ್ನೋ ನೋಡಿದ ಹಾಗೆ.

“ಹಂಗಾದ್ರ ಇಷ್ಟು ದಿನ ನಾ ಆಕಿನ್ನ ಒಳಗ ಕೂಡಿ ಹಾಕೀನಿ” ಎಂದರು.

ಮರುದಿನದಿಂದ ಅವರು ನನಗೆ ಕಲಿಸಿದರು. ಅವರು ಹಾಡಿದರು, ನಾನು ಹನಿ ಬಿಟ್ಟೆ. ಗಡಿಯಾರ ಇಟ್ಟು ಅಳೆದೆ: ಒಂದು ಸಾಲಿಗೆ ಹನ್ನೊಂದು ಸೆಕೆಂಡು, ಹಾಡು ಹಾಡಿನ ನಡುವೆ ಹತ್ತು ನಿಮಿಷ. ಆ ನಡುವಿನ ಸುಮ್ಮನಿರುವಿಕೆಯಲ್ಲೇ ಗುಟ್ಟಿತ್ತು. ಅಸಿಟೋನು ಹಾರಿ, ಕೈಟೋಸಾನ್ ಕಣದ ಮೈಮೇಲೆ ನೆಟ್ಟಗೆ ಕೂರಲು ಅಷ್ಟು ಹೊತ್ತು ಬೇಕು. ಮೂರು ಬ್ಯಾಚು ಮಾಡಿದೆ. ಹೈದರಾಬಾದಿನಿಂದ ವರದಿ ಬಂತು: ಮೂವತ್ತಾರು, ಮೂವತ್ತೆಂಟು, ಮೂವತ್ತೇಳು.

ಮನಿಷಾಳ ಆಯಿ ಪದ್ಧತಿ ತೋರಿಸಿಕೊಟ್ಟರೆಂದು ಸರ್‌ಗೆ ಹೇಳಿದೆ. ಇತವಾರಗಳ ಮಾತು ಎತ್ತಲಿಲ್ಲ. ಆ ಮೂರು ಅಕ್ಷರದ ಅರ್ಥ ಕೇಳಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾ ಭಾಲ್ಕಿಯಾಂವ. ನನ್ನ ಹಡದಾಕಿನ್ನೂ ಆಯಿ ಅಂತೇನಿ” ಎಂದರು. “ಇಂಗ್ಲಿಷ್ ಅಕ್ಷರ ಕಂಡಕೂಡಲೆ ನಮಗ ಮನಿ ಮಾತು ಮರತು ಹೋಗತದ ನೋಡು.” ಕನ್ನಡಕ ಮತ್ತೆ ಹಾಕಿಕೊಂಡು, “ಪ್ರಬಂಧದಾಗ ಇದಕ್ಕ ಆಧಾರ ಏನಂತ ಬರೀತಿ?” ಎಂದು ಕೇಳಿದರು. ನಾನು ಸೆಕೆಂಡು, ನಿಮಿಷಗಳ ಲೆಕ್ಕ ಬರೆದು, ಕೃತಜ್ಞತೆಯ ಪುಟದಲ್ಲಿ ಕೇಶರಬಾಯಿಯ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿದೆ.

ಫ್ರಿಜ್ಜಿನ ಪಟ್ಟಿಯನ್ನೂ ಬರೆದೆ. ‘ಮನಿಷಾ ಎಂ. ಖಾಲಿ, ಒಂದು ಶೀಶೆ: ನಾಶಪಡಿಸಲಾಗಿದೆ.’ ನಾನು ಸಹಿ ಹಾಕಿದ ಸುಳ್ಳು ಅದೊಂದೇ.

ಏಪ್ರಿಲ್ ಮೂವತ್ತರ ಸಂಜೆ ಶೀಶೆಯನ್ನು ಕೇಶರಬಾಯಿಯ ಕೈಗೆ ಕೊಟ್ಟೆ. ಅವರು ಅದನ್ನು ಊಟದ ಡಬ್ಬಿಯೊಳಗೆ, ಏಪ್ರನ್ನಿನಲ್ಲಿ ಸುತ್ತಿ ಇಟ್ಟುಕೊಂಡರು. ಗಂಡನ ಊರು ಮೆಹಕರಕ್ಕೆ ಮರಳುವವರಿದ್ದರು, ಅಲ್ಲಿಯ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ.

“ತಂಪ ಬೇಕೇನ್ರಿ? ಭಾಲ್ಕಿಯಾಗ ಐಸ್ ಸಿಗತದ” ಎಂದೆ.

“ಬ್ಯಾಡ” ಎಂದರು. “ಬಿಸಿಲಾಗೇ ಇಡ್ತೇನಿ. ಲಗು ಬಿಡುಗಡಿ ಆಗಲಿ.” ಅವರ ಮುಖದಲ್ಲಿ ಆ ದಿನ ಅಳುವಿರಲಿಲ್ಲ. ಹೆರಿಗೆಗೆ ಮಗಳನ್ನು ಕರೆತರಲು ಹೊರಟವರ ಅವಸರ ಇತ್ತು. ಖಾಜಾ ಮಿಯಾ ಅವರ ಗಂಟನ್ನು ಬಸ್ಸಿನವರೆಗೆ ಹೊತ್ತು ಹೋದ.

ಜುಲೈಯಲ್ಲಿ ನನ್ನ ಪ್ರಬಂಧ ಒಪ್ಪಿಗೆಯಾಯಿತು. ಒಂದು ಪ್ರತಿಗೆ ಕ್ಯಾಲಿಕೋ ರಟ್ಟು ಹಾಕಿಸಿ, ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಮೆಹಕರಕ್ಕೆ ಹೋದೆ. ಮೈದುನನ ಮನೆಯ ಅಂಗಳದಲ್ಲೇ ಕೇಶರಬಾಯಿಯದು ಬೇರೆ ಕೋಣೆ: ಮುಂದೆ ಒಂದು ಪಡಸಾಲೆ, ಒಳಗೆ ಒಂದು ಕತ್ತಲೆಮನೆ. ಅಂಗಳದಲ್ಲಿ ಮೈದುನನ ಹೆಂಡತಿ ಉದ್ದು ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಕೋಣೆಯ ಕಡೆ ಕೈ ತೋರಿಸಿದಳು, ಆದರೆ ಎದ್ದು ಜತೆಗೆ ಬರಲಿಲ್ಲ. “ಚಪ್ಪಲಿ ಸಪ್ಪಳ ಮಾಡಬ್ಯಾಡ್ರಿ” ಎಂದಳಷ್ಟೇ.

ಕೇಶರಬಾಯಿ ಬಾಗಿಲಲ್ಲೇ ಕೂತಿದ್ದರು. ಮೈ ತುಂಬಿಕೊಂಡಿತ್ತು. ಬೆರಳಿನ ಚರ್ಮ ಮತ್ತೆ ಬಣ್ಣ ಪಡೆದಿತ್ತು. ಎದ್ದು ನನ್ನ ಗಲ್ಲ ಸವರಿ, ತುಟಿಯ ಮೇಲೆ ಬೆರಳಿಟ್ಟರು.

ಪಡಸಾಲೆಯ ಗೂಡಿನಲ್ಲಿ ಬುದ್ಧರ ಫೋಟೋ, ಮಚ್ಛೇಂದ್ರರ ಫೋಟೋ, ಮನಿಷಾಳ ಫೋಟೋ. ಕಡೆಯ ಫೋಟೋದ ಮುಂದೆ ಶೀಶೆ ಇತ್ತು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ತಿಳಿನೀರು. ಒಂದು ಎಳೆ ಬಿಳುಪೂ ಉಳಿದಿರಲಿಲ್ಲ. ಎರಡು ತಿಂಗಳ ಬಿಸಿಲಿಗೆ ಎಷ್ಟು ಕರಗಬೇಕೋ ಅಷ್ಟು, ನಮ್ಮ ಪುಸ್ತಕದಲ್ಲಿ ಹೇಳಿದಂತೆಯೇ, ಕರಗಿತ್ತು. ತಳದಲ್ಲಿ ನನ್ನ ಚುಕ್ಕೆ ಹಾಗೇ ಇತ್ತು.

“ತಿಳಿ ಆಗಿ ಇವತ್ತಿಗೆ ಎಂಟು ದಿನ ಆತು” ಎಂದರು ಕೇಶರಬಾಯಿ ಪಿಸುದನಿಯಲ್ಲಿ. “ನೀ ಹೇಳಿದ್ದು ಖರೇ ಅದ. ಜರಾನೂ ಒಳಗ ಉಳಿಲಿಲ್ಲ.”

ನಾನು ತಂದ ಪುಸ್ತಕವನ್ನು ಅವರ ಕೈಗಿಟ್ಟೆ. ಅವರು ಕೃತಜ್ಞತೆಯ ಪುಟ ತೆಗೆಸಿ, ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, ಪುಸ್ತಕವನ್ನು ಒಳಕೋಣೆಯ ಹೊಸಿಲ ಮೇಲೆ, ಒಳಗಿನವರ ಕೈಗೆ ಎಟುಕುವ ಹಾಗೆ ಇಟ್ಟರು. ಒಳಗೆ ಬಾಗಿಲಿನ ಬದಲು ಹಳೆಯ ಸೀರೆಯ ಪರದೆ ಇತ್ತು. ಪರದೆಯ ಕೆಳಗೆ ಹಾಸಿದ ಚಾಪೆಯ ತುದಿ ಕಾಣುತ್ತಿತ್ತು.

ಅವರು ಚಹಾ ಮಾಡಿ ತಂದರು. ತಟ್ಟೆಯಲ್ಲಿ ಮೂರು ಕಪ್ಪು. ಒಂದು ನನಗೆ ಕೊಟ್ಟರು, ಒಂದು ತಾವು ತೆಗೆದುಕೊಂಡರು. ಮೂರನೆಯದರ ಮೇಲೆ ತಟ್ಟೆ ಮುಚ್ಚಿ, ಆರಬಾರದೆಂದು ಒಲೆಯ ಬದಿಗೆ ಸರಿಸಿದರು.

ನಾನು ವಿಜ್ಞಾನ ಓದಿದವಳು. ಶೀಶೆಯೊಳಗೆ ಕರಗಿದ ಪಾಲಿಮರ್ ಬಿಟ್ಟು ಬೇರೇನೂ ಇರಲಿಲ್ಲವೆಂದು ನನಗೆ ಗೊತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ.

“ಮಾವಶಿ…”

“ಸಾವಕಾಶ ಮಾತಾಡು ಬಸವೇಶಿ” ಎಂದರು ಅವರು. “ಹಗಲೆಲ್ಲಾ ಎಣಿಸಿ ಎಣಿಸಿ ದಣದಾಳ. ಈಗಷ್ಟೇ ಮಲಗ್ಯಾಳ.”

ನಾನು ದನಿ ತಗ್ಗಿಸಿದೆ. ಚಹಾ ಕುಡಿದು ಮುಗಿಸುವವರೆಗೆ ಇಬ್ಬರೂ ಪಿಸುಮಾತಿನಲ್ಲೇ ಮಳೆ, ಬೆಳೆ ಮಾತಾಡಿದೆವು. ಹೊರಡುವಾಗ ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳಲಿಲ್ಲ. ಅಂಗಳ ದಾಟಿ, ಹಸಿ ಮಣ್ಣಿನ ಮೇಲೆ, ರಸ್ತೆ ಮುಟ್ಟುವವರೆಗೆ ಕೈಯಲ್ಲೇ ಹಿಡಿದು ನಡೆದೆ.